ಅಂಟಿಸಿದ್ದು ಅಪ್ಪ, ಕಿತ್ತಿದ್ದು ನಾನು

ಬೆಂಗಳೂರಿಂದ ಮನೆಗೆ ಹೋದ ತಕ್ಷಣ ಅಮ್ಮ ಕಾಫಿ ಕೊಡ್ತಾಳೆ, ಅಪ್ಪ ಟೇಪ್ ರೋಲು ಕೊಡ್ತಾರೆ. "ಇದರ ತುದಿ ಎಲ್ಲಿದೆ ನೋಡು ಮಾರಾಯ, ನಂಗೆ ಕಾಣ್ತಾನೇ ಇಲ್ಲ." ನಾನು ಶೂ ಬಿಚ್ಚೋಕೂ ಮುಂಚೆ ರೋಲನ್ನು ಉಗುರಲ್ಲಿ ಗೀರುತ್ತಾ ಕೂರ್ತೀನಿ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿಸಿದ್ದಕ್ಕೆ ಮನೆಗೆ ಆಗಿರೋ ನೇರ ಉಪಯೋಗ ಇದೊಂದೇ ಅಂತ ಅಪ್ಪನ ಅಭಿಪ್ರಾಯ.

ನಮ್ಮೂರು ದೋಣಿಗಲ್. ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟರೆ ಶಿರಾಡಿ ಘಾಟಿ ಇಳಿಯೋಕೆ ಮುಂಚೆ ಸಿಗುತ್ತೆ. ಟ್ರೆಕ್ಕಿಂಗ್ ಹುಚ್ಚಿದ್ದವರಿಗೆ, ಒಂದು ಕಾಲದಲ್ಲಿ ರೈಲು ಹಳಿ ಹಿಡಿದು ಎಡಕುಮೇರಿ ಕಡೆ ನಡೆಯೋಕೆ ಶುರು ಮಾಡ್ತಿದ್ದ ಸ್ಟೇಷನ್ ಅಂತ ಗೊತ್ತಿರುತ್ತೆ. ಉಳಿದವರಿಗೆ ಜುಲೈ ತಿಂಗಳ ಟಿವಿ ಸುದ್ದಿಯಲ್ಲಿ ಹೆದ್ದಾರಿ ಕುಸಿಯೋ ಜಾಗ ಅಂತ ಗೊತ್ತು. ನಮಗಿರೋದು ಸಣ್ಣ ಕಾಫಿ ತೋಟ, ನಡುವೆ ಸಿಲ್ವರ್ ಮರ, ಮರಕ್ಕೆ ಮೆಣಸಿನ ಬಳ್ಳಿ. ಏನಾದರೂ ಕೆಟ್ಟರೆ ಸಕಲೇಶಪುರದ ಪೇಟೆಗೇ ಹೋಗಬೇಕು. ಮಳೆ ಹಿಡಿದರೆ ಅದೂ ಇಲ್ಲ. ಹಾಗಾಗಿ ನಮ್ಮನೇಲಿ ಕೆಟ್ಟಿದ್ದೆಲ್ಲ ಮೊದಲು ಹೋಗೋದು ಟೇಪಿನ ಹತ್ತಿರ.

ಔಷಧಿ ಹೊಡೆಯೋ ಪಂಪಿನ ಪೈಪು ಸೀಳಿದರೆ ಕಪ್ಪು ಟೇಪು. ಟಾರ್ಪಲ್ ತೂತಾದರೆ ಬ್ರೌನ್ ಟೇಪು. ರಿಮೋಟಿನ ಬೆನ್ನಿಗೆ, ಕೊಡೆಯ ಹಿಡಿಗೆ, ಗೇಣುದ್ದ ಸೀಳಿದ ಪ್ಲಾಸ್ಟಿಕ್ ಕುರ್ಚಿಗೆ, ಅಮ್ಮನ ಕನ್ನಡಕದ ಕಾಲಿಗೆ ಟೇಪು. ಮಳೆಗಾಲದಲ್ಲಿ ತೋಟಕ್ಕೆ ಹೋಗೋವಾಗ ಇಂಬಳ ಒಳಗೆ ನುಗ್ಗಬಾರದು ಅಂತ ಪ್ಯಾಂಟಿನ ತುದಿಯನ್ನು ಸಾಕ್ಸಿಗೆ ಸೇರಿಸಿ ಟೇಪು ಸುತ್ತುವುದು ನನ್ನ ಸ್ವಂತ ಸಂಶೋಧನೆ. ಇಂಬಳ ಅದನ್ನು ಇದುವರೆಗೂ ಗಂಭೀರವಾಗಿ ತಗೊಂಡಿಲ್ಲ.

ಇಷ್ಟು ವರ್ಷ ಟೇಪಿನ ಬಗ್ಗೆ ನಾನೂ ಯೋಚನೆ ಮಾಡಿರಲಿಲ್ಲ. ಹೋದ ವರ್ಷ ಆಷಾಢದಲ್ಲಿ ಎರಡು ಇಂಚು ಉದ್ದದ ಒಂದು ಹಳೇ ಟೇಪಿನ ತುಂಡು ಮಾಡುವಂತೆ ಮಾಡಿತು. ಅದಕ್ಕೆ ಬರ್ತೀನಿ. ಮೊದಲು ಇದು ಎಲ್ಲಿಂದ ಬಂತು ಅನ್ನೋದನ್ನ ಹೇಳಿಬಿಡ್ತೀನಿ, ಕಥೆ ಚೆನ್ನಾಗಿದೆ.

ಅಮೆರಿಕದ ಸೇಂಟ್ ಪಾಲ್ ಊರಲ್ಲಿ ರಿಚರ್ಡ್ ಡ್ರೂ ಅಂತ ಒಬ್ಬ ಹುಡುಗ. ಡ್ಯಾನ್ಸ್ ನಡೆಯೋ ಕಡೆ ಬ್ಯಾಂಜೋ ನುಡಿಸಿ ಫೀಸು ಹೊಂದಿಸ್ತಿದ್ದ, ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟ. 1921ರಲ್ಲಿ ತ್ರೀ ಎಂ ಕಂಪನಿಗೆ ಲ್ಯಾಬ್ ಸಹಾಯಕನಾಗಿ ಸೇರಿಕೊಂಡ. ಆಗ ಆ ಕಂಪನಿ ಮಾಡ್ತಿದ್ದದ್ದು ಉಪ್ಪು ಕಾಗದ, ಅಂದ್ರೆ ಸ್ಯಾಂಡ್ ಪೇಪರ್. 1923ರಲ್ಲಿ ಅದರ ಸ್ಯಾಂಪಲ್ ತಗೊಂಡು ಕಾರಿಗೆ ಬಣ್ಣ ಹೊಡೆಯೋ ಒಂದು ಗ್ಯಾರೇಜಿಗೆ ಹೋದ. ಆಗ ಎರಡು ಬಣ್ಣದ ಕಾರಿನ ಫ್ಯಾಷನ್ನು. ಒಂದು ಬಣ್ಣ ಹೊಡೆದು, ಅದರ ಮೇಲೆ ಕಾಗದ ಅಂಟಿಸಿ, ಪಕ್ಕದಲ್ಲಿ ಇನ್ನೊಂದು ಬಣ್ಣ ಹೊಡೆಯಬೇಕು. ಕಾಗದ ಕೀಳೋವಾಗ ಮೊದಲನೇ ಬಣ್ಣವೂ ಜೊತೆಗೇ ಎದ್ದು ಬರ್ತಿತ್ತು. ಪೇಂಟರ್ ಬೈಗುಳದ ಮಳೆ ಸುರಿಸ್ತಿದ್ದ. ಕೇಳಿಸಿಕೊಂಡ ಡ್ರೂ, "ನಾನು ಇದಕ್ಕೊಂದು ದಾರಿ ಮಾಡ್ತೀನಿ" ಅಂತ ಮಾತು ಕೊಟ್ಟು ಬಂದ. ದಾರಿ ಗೊತ್ತಿರಲಿಲ್ಲ. ಕ್ಲೈಂಟ್ ಮೀಟಿಂಗಲ್ಲಿ ಮಾತು ಕೊಟ್ಟು ಬರೋ ಮ್ಯಾನೇಜರುಗಳನ್ನು ಕಂಡವರಿಗೆ ಇದು ಹೊಸದೇನಲ್ಲ; ಇವನು ತಾನೇ ಕೂತು ಮಾಡಿದ ಅನ್ನೋದಷ್ಟೇ ವ್ಯತ್ಯಾಸ.

ಎರಡು ವರ್ಷ ಹಿಡೀತು. ನಡುವೆ ಕಂಪನಿಯ ಮುಖ್ಯಸ್ಥ ವಿಲಿಯಂ ಮೆಕ್‌ನೈಟ್, ಇದನ್ನ ಬಿಟ್ಟು ನಿನ್ನ ಕೆಲಸ ನೋಡು ಅಂದ. ಡ್ರೂ ಬಿಡಲಿಲ್ಲ. ಬೇಕಾದ ಮಿಷನ್ನಿಗೆ ದುಡ್ಡು ಮಂಜೂರಾಗಲಿಲ್ಲ ಅಂತ, ನೂರು ಡಾಲರಿನ ಒಳಗೆ ತನಗೇ ಸಹಿ ಮಾಡೋ ಅಧಿಕಾರ ಇದ್ದದ್ದನ್ನು ಹಿಡಿದು, 99 ಡಾಲರಿನ ಬಿಲ್ಲುಗಳಾಗಿ ತುಂಡು ಮಾಡಿ ತರಿಸಿಕೊಂಡ ಅಂತ ಕಥೆ ಹೇಳ್ತಾರೆ. ಅಪ್ರೂವಲ್ ಅನ್ನೋ ರೋಗಕ್ಕೆ ಮದ್ದು ಆಗಲೇ ಇತ್ತು ನೋಡಿ. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು. ಮೊದಲ ಸ್ಯಾಂಪಲ್ಲಿನಲ್ಲಿ ಅಂಟು ಇದ್ದದ್ದು ಎರಡು ಅಂಚಿಗೆ ಮಾತ್ರ. ಕಾರಿನ ಮೇಲಿಂದ ಅದು ಜಾರಿ ಬಿತ್ತು. ಪೇಂಟರಿಗೆ ಸಿಟ್ಟು ಬಂತು. ಸ್ಕಾಟ್ಲೆಂಡಿನವರು ಜಿಪುಣರು ಅಂತ ಆ ಕಡೆಯವರ ಹಳೇ ಗೇಲಿ. "ಹೋಗು, ಇದನ್ನ ನಿನ್ನ ಸ್ಕಾಚ್ ಯಜಮಾನರಿಗೇ ವಾಪಸ್ ಕೊಟ್ಟು, ಪೂರ್ತಿ ಅಂಟು ಹಚ್ಚೋಕೆ ಹೇಳು" ಅಂದನಂತೆ. ಕಂಪನಿ ಆ ಬೈಗುಳವನ್ನೇ ಬ್ರ್ಯಾಂಡಿನ ಹೆಸರು ಮಾಡಿಕೊಂಡಿತು. (ಅದೇ ಕಂಪನಿಯ ಭಾರತದ ಕೇಂದ್ರ ಕಚೇರಿ ಈಗ ನಮ್ಮ ಬೆಂಗಳೂರಲ್ಲಿದೆ.)

ನಮ್ಮ ಪಾರದರ್ಶಕ ಟೇಪು ಬಂದದ್ದು ಅದಾಗಿ ಐದು ವರ್ಷಕ್ಕೆ, 1930ರಲ್ಲಿ. ಆಗ ಸೆಲ್ಲೋಫೇನ್ ಅನ್ನೋ ಹೊಳೆಯೋ ಹಾಳೆ ಹೊಸದು, ಮರದ ತಿರುಳಿಂದ ಮಾಡೋದು. ಬೇಕರಿ, ದಿನಸಿಯವರೆಲ್ಲ ಅದರಲ್ಲೇ ಸಾಮಾನು ಸುತ್ತೋಕೆ ಶುರು ಮಾಡಿದ್ದರು. ಸುತ್ತಿದ್ದನ್ನು ಅಂದವಾಗಿ ಮುಚ್ಚೋಕೆ ಅದೇ ಹಾಳೆಯಿಂದ ಟೇಪು ಮಾಡಿದ್ದೂ ಡ್ರೂ. ನಾವು "ಸೆಲ್ಲೋ ಟೇಪ್" ಅನ್ನೋದರಲ್ಲಿ ಇರೋ ಸೆಲ್ಲೋ ಅದೇ. ಈಗ ಅಂಗಡಿಯಲ್ಲಿ ಸಿಗೋ ಹೆಚ್ಚಿನವು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕು. ಸೆಲ್ಲೋಫೇನ್ ಹೋಗಿ ಹೆಸರು ಮಾತ್ರ ಉಳಿದಿದೆ.

ಬೇಕರಿಯವರಿಗೆ ಅಂತ ಮಾಡಿದ್ದು ಮನೆಮನೆಗೆ ನುಗ್ಗಿದ್ದು ಹೇಗೆ? ಟೇಪು ಬಂದ ಹೊತ್ತಿಗೆ ಅಮೆರಿಕ ದೊಡ್ಡ ಆರ್ಥಿಕ ಕುಸಿತದಲ್ಲಿತ್ತು. ಹೊಸದು ಕೊಳ್ಳೋಕೆ ಜನರ ಕೈಯಲ್ಲಿ ಕಾಸಿರಲಿಲ್ಲ. ಹರಿದ ಪುಸ್ತಕ, ಮುರಿದ ಆಟಿಕೆ, ಸೀಳಿದ ಪರದೆ, ಎಲ್ಲದಕ್ಕೂ ಟೇಪು ಹಚ್ಚಿದರು. ಕಂಪನಿ ಯೋಚಿಸಿರದ ಉಪಯೋಗವನ್ನೆಲ್ಲ ಬಡತನ ಕಂಡುಹಿಡೀತು. 1932ರಲ್ಲಿ ಅದೇ ಕಂಪನಿಯ ಜಾನ್ ಬೋರ್ಡನ್ ಅನ್ನೋರು ಹಲ್ಲಿನಂಥ ಬ್ಲೇಡು ಇರೋ ಸ್ಟ್ಯಾಂಡ್ ಮಾಡಿದರು. ಬೇಕಾದಷ್ಟು ಎಳೆದು ಕತ್ತರಿಸಿದರೆ ತುದಿ ಅಲ್ಲೇ ಸಿಕ್ಕಿಕೊಂಡು ಕಾಯ್ತಾ ಇರುತ್ತೆ. ಅದಾಗಿ ತೊಂಬತ್ತು ವರ್ಷದ ಮೇಲಾಯ್ತು, ದೋಣಿಗಲ್ಲಿಗೆ ಇನ್ನೂ ಬಂದಿಲ್ಲ. ನಮ್ಮಲ್ಲಿ ಹಲ್ಲಲ್ಲೇ ಕಚ್ಚಿ ಹರಿಯೋದು, ತುದಿಗೆ ಬೆಂಕಿಕಡ್ಡಿ ಇಡಬೇಕು ಅಂತ ಪ್ರತಿ ಸಲ ಅಂದುಕೊಳ್ಳೋದು, ಮರೆಯೋದು.

ಆ ಮೊದಲ ಟೇಪುಗಳ ಅಂಟು ಯಾವುದು ಗೊತ್ತಾ? ರಬ್ಬರು. ಮರದ ಹಾಲಿಂದ ಬರೋ ಅಸಲಿ ರಬ್ಬರಿಗೆ ರಾಳ ಬೆರೆಸಿದ್ದು. ನಮ್ಮನೆಯಿಂದ ಘಾಟಿ ಇಳಿದು ಗುಂಡ್ಯ ದಾಟಿ ಸುಳ್ಯ, ಪುತ್ತೂರಿನ ಕಡೆ ಹೋದರೆ ಮರಕ್ಕೆ ಓರೆಯಾಗಿ ಗೀರು ಹಾಕಿ ಬಟ್ಟಲು ಕಟ್ಟಿದ ರಬ್ಬರ್ ತೋಟಗಳು ಕಾಣ್ತವಲ್ಲ, ಅದೇ. ಅಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಿಗೆ ಬೇರೆಯದೇ ಕಥೆಯಿದೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸಾದ ತಮಿಳು ಕುಟುಂಬಗಳಿಗೆ ಕೆಲಸ ಕೊಡೋಕೆ ಬೆಳೆಸಿದ ತೋಟಗಳು ಅವು. ಇನ್ನೊಂದು ದಿನ ಬರೀತೀನಿ. ನಮ್ಮ ಅಜ್ಜಿ ಕಾಲದಲ್ಲಿ ಒಡೆದ ಪಿಂಗಾಣಿಗೆ ಹಲಸಿನ ಮೇಣ ಕಾಯಿಸಿ ಹಚ್ತಿದ್ದರು. ಅದೂ ಮರದ ಹಾಲೇ. ನೋಡಿದರೆ ಡ್ರೂಗಿಂತ ಅಜ್ಜಿ ತುಂಬಾ ಹಿಂದೇನೂ ಇರಲಿಲ್ಲ.

ಈಗ ಆಷಾಢಕ್ಕೆ ಬರೋಣ.

ನಮ್ಮ ತೋಟವನ್ನು ತಾತ ಕೊಂಡದ್ದು 1968ರಲ್ಲಿ. ಅದರ ಪೂರ್ವಕ್ಕಿರೋ ಜಾಗವನ್ನು ಚಿಕ್ಕಪ್ಪ ಆಮೇಲೆ ಬೇರೆಯಾಗಿ ಕೊಂಡರು. ಎರಡರ ಮಧ್ಯೆ ಒಂದು ಹಳೇ ಅಗಳು ಇದೆ. ಬಯಲುಸೀಮೆಯವರಿಗೆ ಹೇಳಬೇಕಂದ್ರೆ, ದನ ನುಗ್ಗದ ಹಾಗೆ ತೋಟದ ಸುತ್ತ ತೆಗೆದ ಆಳದ ಕಂದಕ. ಅಗಳಿನ ಆಚೆ ಸ್ವಲ್ಪ ದೂರಕ್ಕೆ ಒಂದು ಹಳ್ಳ. ಅಗಳಿಗೂ ಹಳ್ಳಕ್ಕೂ ನಡುವಿನ ಪಟ್ಟಿ ಹತ್ತು ಗುಂಟೆ ಇರಬಹುದು. ಅಲ್ಲಿ ಅಪ್ಪ ನಲವತ್ತು ಸಿಲ್ವರ್ ಮರ ನೆಟ್ಟು ಮೆಣಸು ಹಬ್ಬಿಸಿದ್ದಾರೆ. ನನ್ನ ಎರಡನೇ ವರ್ಷದ ಫೀಸು ಕಟ್ಟಿದ್ದು ಆ ಬಳ್ಳಿಗಳೇ ಅಂತ ಅಮ್ಮ ಹೇಳ್ತಿರ್ತಾಳೆ.

ಚಿಕ್ಕಪ್ಪ ತಮ್ಮ ಜಾಗ ಅಳತೆ ಮಾಡಿಸೋಕೆ ಹೊರಟರು. ಅವರ ಪತ್ರದಲ್ಲಿ ಪಶ್ಚಿಮಕ್ಕೆ ನಮ್ಮ ತಾತನ ಹೆಸರು ಬರೆದು, ಅವರ ಜಾಗ ಅಂತಷ್ಟೇ ಇದೆ. ತಾತನ ಜಾಗ ಎಲ್ಲಿಗೆ ಮುಗಿಯುತ್ತೆ ಅಂತ ತಾತನ ಪತ್ರವೇ ಹೇಳಬೇಕು. "ಅಣ್ಣ, ಪತ್ರದಲ್ಲಿ ಏನಿದ್ಯೋ ಹಾಗೇ ಮಾಡೋಣ" ಅಂದರು ಚಿಕ್ಕಪ್ಪ. "ಹಳ್ಳ ಅಂತ ಇದೆ, ನಂಗೆ ಗೊತ್ತಿಲ್ವಾ" ಅಂದರು ಅಪ್ಪ. ಇಬ್ಬರೂ ನಗ್ತಾನೇ ಹೇಳಿದ್ದು. ಆಮೇಲೆ ಒಂದು ತಿಂಗಳು ಚಿಕ್ಕಪ್ಪ ಮನೆ ಕಡೆ ಬರಲಿಲ್ಲ.

ಟ್ರಂಕಿಂದ ಕ್ರಯಪತ್ರ ತೆಗೆದರೆ, ಚಕ್ಕುಬಂದಿಯ ಸಾಲು ಸರಿಯಾಗಿ ಮಡಿಕೆಯ ಮೇಲೆ. ಮಡಿಕೆ ಹರಿದಿತ್ತು ಅಂತ ನಾನು ಹುಟ್ಟೋಕೂ ಮುಂಚೆ ಅಪ್ಪನೇ ಅದಕ್ಕೆ ಉದ್ದಕ್ಕೂ ಸೆಲ್ಲೋ ಟೇಪು ಹಚ್ಚಿದ್ದಾರೆ. ಪ್ರೀತಿಯಿಂದ, ಎರಡೂ ಕಡೆ. ಈಗ ಆ ಟೇಪು ಹಚ್ಚಿದ್ದ ಜಾಗವೆಲ್ಲ ಬೆಲ್ಲದ ಪಾಕ ಚೆಲ್ಲಿದ ಹಾಗೆ ಕಂದು. ಕೆಲವು ಕಡೆ ಟೇಪು ತಾನೇ ಒಣಗಿ ಉದುರಿ ಕಲೆ ಮಾತ್ರ ಉಳಿದಿದೆ. "ಪೂರ್ವಕ್ಕೆ" ಅನ್ನೋ ಪದದ ಮುಂದೆ ಎರಡು ಇಂಚಿನ ತುಂಡೊಂದು ಇನ್ನೂ ಗಟ್ಟಿಯಾಗಿ ಕೂತಿದೆ. ಅದರಡಿ ಒಂದು ಸಣ್ಣ ಪದ. ನಡುವೆ ಒಂದು "ಳ" ಇದ್ದ ಹಾಗೆ ಕಾಣುತ್ತೆ. ಹಳ್ಳದಲ್ಲೂ "ಳ" ಇದೆ, ಅಗಳಲ್ಲೂ "ಳ" ಇದೆ.

ಅವತ್ತು ರಾತ್ರಿ ಅಪ್ಪ ಮಲಗಿದ ಮೇಲೆ ನಾನು ಮಾಡಿದ ಕೆಲಸವನ್ನು ನೀವ್ಯಾರೂ ಮಾಡಬೇಡಿ. ಫೋನಲ್ಲಿ ಒಂದು ವಿಡಿಯೋ ನೋಡಿ, ತಂಗಿಯ ಹೇರ್ ಡ್ರೈಯರ್ ತಂದು, ಬಿಸಿ ಗಾಳಿ ಬಿಟ್ಟು, ಮೂಲೆಯಿಂದ ಮೆತ್ತಗೆ ಎತ್ತಿದೆ. ಟೇಪು ಬಂತು. ಜೊತೆಗೆ ಕಾಗದದ ಮೇಲ್ಪದರವೂ ಬಂತು, ಕಾರಿನ ಬಣ್ಣ ಬಂದ ಹಾಗೆ. ಪತ್ರದಲ್ಲಿ "ಪೂರ್ವಕ್ಕೆ" ಅನ್ನೋದರ ಮುಂದೆ ಒಂದು ಬಿಳೀ ಗಾಯ. ಕೈಕಾಲು ತಣ್ಣಗಾಯ್ತು. ಆಫೀಸಲ್ಲಿ ಒಮ್ಮೆ ತಪ್ಪು ಡೇಟಾಬೇಸಿನಲ್ಲಿ ಕಮಾಂಡ್ ಕೊಟ್ಟಿದ್ದೆ. ಅದಕ್ಕೆ ಬ್ಯಾಕಪ್ ಇತ್ತು.

ಆಮೇಲೆ ಹೊಳೀತು, ಅಕ್ಷರ ಎಲ್ಲೂ ಹೋಗಿಲ್ಲ, ಟೇಪಿಗೆ ಅಂಟಿಕೊಂಡಿದೆ. ಪಾರದರ್ಶಕ ಟೇಪು ತಾನೇ. ತುಂಡಿನ ಹಿಂದೆ ಫೋನಿನ ಟಾರ್ಚ್ ಹಿಡಿದೆ. ಕಂದು ಬಣ್ಣದ ಒಳಗಿಂದ ಮಸಿ ಎದ್ದು ಕಾಣಿಸ್ತು. "ಗಳು" ಸ್ಪಷ್ಟ. ಅದರ ಹಿಂದೆ ಅರ್ಧ "ಅ".

ಟಾರ್ಚ್ ಆರಿಸಿ ತುಂಡನ್ನು ಪರ್ಸಿಗೆ ಹಾಕಿಕೊಂಡೆ. ಬೆಳಗ್ಗೆ ಅಪ್ಪ ಪತ್ರ ನೋಡಿ, "ಹೋಯ್ತಾ?" ಅಂದರು. "ಹೋಯ್ತು" ಅಂದೆ. ಬಯ್ಯಲಿಲ್ಲ. "ಹೋಗ್ಲಿ ಬಿಡು, ಹಳ್ಳ ಅಂತಾನೇ ಇದ್ದಿದ್ದು" ಅಂದರು. ನಾನು ಏನೂ ಹೇಳಲಿಲ್ಲ. ನಲವತ್ತು ಮರ, ನನ್ನ ಫೀಸು, ಅಪ್ಪನ ಮುಖ. ಒಲೆ ಪಕ್ಕದಲ್ಲೇ ಉರೀತಿತ್ತು, ಎರಡು ಇಂಚಿನ ತುಂಡು, ಅರ್ಧ ನಿಮಿಷದ ಕೆಲಸ. ಬಸ್ಸು ಹತ್ತಿ ಬೆಂಗಳೂರಿಗೆ ಬಂದೆ.

ಬೆಂಗಳೂರಲ್ಲಿ ರಾತ್ರಿಗಟ್ಟಲೆ ಓದಿದೆ, ಯಾಕೆ ಹೀಗಾಯ್ತು ಅಂತ. ಟೇಪು ಅಂಟೋದಕ್ಕೆ ಕಾರಣ ಅದರ ಅಂಟು ಪೂರ್ತಿ ದ್ರವವೂ ಅಲ್ಲ, ಪೂರ್ತಿ ಘನವೂ ಅಲ್ಲ. ಒತ್ತಿದಾಗ ಹರಿದು ಸಣ್ಣ ಸಣ್ಣ ತಗ್ಗುಗಳಿಗೆ ಇಳಿಯುತ್ತೆ, ಎಳೆದಾಗ ಬಿಗಿದುಕೊಳ್ಳುತ್ತೆ. ಅಣುಗಳು ತೀರಾ ಹತ್ತಿರ ಬಂದಾಗಿನ ಸಣ್ಣ ಸೆಳೆತವೇ ಸಾಕು. ನಡುವೆ ನೀರಿನ ತೆಳ್ಳಗಿನ ಪದರ ಇದ್ದರೂ ಆ ಹತ್ತಿರ ಸಿಗಲ್ಲ. ನಮ್ಮೂರ ಮಳೆಗಾಲದಲ್ಲಿ ಟೇಪು ಕೈಕೊಡೋದು ಅದಕ್ಕೇ. ರಬ್ಬರಿನ ಅಂಟಾದರೆ ಅಂಟಿದ ಮೇಲೂ ಸುಮ್ಮನೆ ಕೂರಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ವರ್ಷ ಕಳೆದ ಹಾಗೆ ಜಿಡ್ಡಾಗಿ ಕಾಗದದ ಒಳಗೆ ಇಳಿಯುತ್ತೆ, ಹಳದಿ ಆಗುತ್ತೆ, ಕೊನೆಗೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತೆ. ಆ ಹೊತ್ತಿಗೆ ಮೇಲಿನ ಹಾಳೆ ಉದುರುತ್ತೆ, ಕಲೆ ಹೆಚ್ಚು ಕಡಿಮೆ ಶಾಶ್ವತ.

ಅಪ್ಪ ಒಬ್ಬರೇ ಅಲ್ಲ ಈ ತಪ್ಪು ಮಾಡಿದ್ದು ಅಂತ ಗೊತ್ತಾಗಿ ಸಮಾಧಾನ ಆಯ್ತು. 1947ರಿಂದ ಈಚೆಗೆ ಮೃತ ಸಮುದ್ರದ ದಡದ ಗುಹೆಗಳಲ್ಲಿ ಎರಡು ಸಾವಿರ ವರ್ಷ ಹಳೆಯ ಬೈಬಲ್ ಸುರುಳಿಗಳು ಸಿಕ್ಕವಲ್ಲ, 1950ರ ದಶಕದಲ್ಲಿ ಅವುಗಳ ಚೂರುಗಳನ್ನು ಜೋಡಿಸಿದ ವಿದ್ವಾಂಸರು ಹಚ್ಚಿದ್ದು ಇದೇ ಟೇಪನ್ನು. ಜೆರುಸಲೇಮಿನಲ್ಲಿ ಅದಕ್ಕಾಗಿಯೇ ಒಂದು ಲ್ಯಾಬ್ ಇದೆ. 1991ರಿಂದ ಅಲ್ಲಿನವರು ಆ ಟೇಪು, ಆ ಕಲೆ ತೆಗೆಯೋ ಕೆಲಸದಲ್ಲೇ ಇದ್ದಾರೆ. ಗುಹೆಯೊಳಗೆ ಎರಡು ಸಾವಿರ ವರ್ಷ ತಡೆದುಕೊಂಡದ್ದಕ್ಕೆ ಟೇಪಿನ ಕೆಲವೇ ವರ್ಷ ಸಾಕಾಯ್ತು.

ಹಾಗಾದರೆ ಹಳೇ ಕಾಗದಕ್ಕೆ ಏನು ಹಚ್ಚಬೇಕು? ತೆಳ್ಳಗಿನ ಜಪಾನೀ ಕಾಗದದ ಪಟ್ಟಿಗೆ ಗೋಧಿ ಪಿಷ್ಟದ ಗಂಜಿ ಹಚ್ಚಿ ಅಂಟಿಸ್ತಾರೆ. ನೀರು ತಾಗಿಸಿದರೆ ಯಾವಾಗ ಬೇಕಾದರೂ ಬಿಡಿಸಬಹುದು ಅನ್ನೋದು ಅದರ ಗುಣ. ಓದಿ ನಗು ಬಂತು. ಅಜ್ಜಿ ನನ್ನ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕೋವಾಗ ಕುದಿಸ್ತಿದ್ದದ್ದು ಮೈದಾ ಗಂಜಿ. ಜಿರಲೆ ತಿನ್ನಬಾರದು ಅಂತ ಅದಕ್ಕೆ, ತೋಟಕ್ಕೆ ಬೋರ್ಡೋ ಹೊಡೆಯೋಕೆ ತಂದಿಟ್ಟ ಮೈಲುತುತ್ತದಲ್ಲೇ ಒಂದು ಚಿಟಿಕೆ. ತುತ್ತ ಕಾಗದಕ್ಕೆ ಒಳ್ಳೆಯದಲ್ಲ, ಆ ಭಾಗ ಅನುಸರಿಸಬೇಡಿ. ಆದರೆ "ಅಜ್ಜಿ, ಇದೆಲ್ಲ ಹಳೇ ಕಾಲ, ಟೇಪ್ ತಗೊಳ್ಳಿ" ಅಂತ ರೋಲು ತಂದುಕೊಟ್ಟವನು ನಾನೇ.

ನೋಂದಣಿ ಆದ ಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಪುಸ್ತಕದಲ್ಲಿ ನಕಲು ಇರುತ್ತೆ. ಇದು ನಿಮ್ಮಲ್ಲಿ ತುಂಬಾ ಜನಕ್ಕೆ ಉಪಯೋಗ ಆಗಬಹುದು, ನೆನಪಿಟ್ಟುಕೊಳ್ಳಿ. ಮನೆಯ ಪತ್ರ ಹಾಳಾದರೆ ನೋಂದಣಿ ನಂಬರು, ವರ್ಷ ಕೊಟ್ಟು ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. 1968ರದ್ದು ನನಗೆ ಆನ್‌ಲೈನ್‌ನಲ್ಲಿ ಸಿಗಲಿಲ್ಲ, ಹೋಗಿಯೇ ಅರ್ಜಿ ಕೊಟ್ಟೆ. ಅಪ್ಪನಿಗೂ ಹೇಳಿದ್ದೆ. "ತರಿಸು, ಒಳ್ಳೇದಾಯ್ತು, ಗುಮಾಸ್ತರ ಕೈಬರಹದಲ್ಲೇ ಹಳ್ಳ ಅಂತ ಇರುತ್ತೆ" ಅಂದರು.

ನಕಲು ಬಂದದ್ದು ಶ್ರಾವಣ ಮುಗಿಯೋ ಹೊತ್ತಿಗೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ಕನ್ನಡಕ ಹುಡುಕೋ ಗೋಜಿಗೆ ಹೋಗದೆ, "ಓದು" ಅಂದರು. ಉತ್ತರಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಎಲ್ಲಾ ಓದಿ ಕೊನೆಗೆ ಪೂರ್ವಕ್ಕೆ ಬಂದೆ. "ಅಗಳು" ಅಂತ ಓದಿದೆ. ಇನ್ನೊಂದು ಸಲ ಓದು ಅನ್ನಲಿಲ್ಲ. ಕೈ ಚಾಚಿದರು. ತಾವೇ ಕಣ್ಣಿನ ಹತ್ತಿರ ಹಿಡಿದು ನೋಡಿದರು.

ಆಗ ಪರ್ಸಿಂದ ಟೇಪಿನ ತುಂಡು ತೆಗೆದು ಪಕ್ಕದಲ್ಲಿಟ್ಟೆ, ಟಾರ್ಚ್ ಹಾಕಿ ತೋರಿಸಿದೆ. ಅಪ್ಪ ಅದನ್ನೂ ನೋಡಿದರು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಅವತ್ತು ರಾತ್ರೀನೇ."

ಸ್ವಲ್ಪ ಹೊತ್ತು ಮಳೆ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ, "ಅದನ್ನೂ ಪತ್ರದ ಜೊತೇಲೇ ಇಡು, ಕಳೀಬೇಡ" ಅಂತ ಹೇಳಿ ಒಳಗೆ ಹೋದರು.

ಇದೇ ಫೆಬ್ರವರಿಯಲ್ಲಿ ಊರಿಗೆ ಹೋಗಿದ್ದೆ. ಅಪ್ಪ ಟೇಪಿನ ರೋಲು ಕೊಟ್ಟರು, ತುದಿ ಹುಡುಕ್ತಾ ಕೂತಿದ್ದೆ. ಅವರು ಫೋನಲ್ಲಿ ಯಾರಿಗೋ ಜೋರಾಗಿ ಹೇಳ್ತಿದ್ದರು. "ಅಗಳಿನ ಆಚೆ ಬಳ್ಳೀಲಿ ಮೆಣಸು ಹಣ್ಣಾಗ್ತಾ ಇದೆ ಕಣೋ. ನನ್ನ ಆಳು ಅಲ್ಲಿಗೆ ಬರಲ್ಲ. ನೀನೇ ಜನ ಕಳ್ಸು, ಏಣಿ ನಮ್ಮದೇ ತಗೊಂಡ್ ಹೋಗ್ಲಿ. ಒಂದು ಮೆಟ್ಟಿಲು ಅಲ್ಲಾಡುತ್ತೆ, ನೋಡ್ಕೊಂಡು ಹತ್ತೋಕೆ ಹೇಳು." ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಸಿಕ್ತಾ ತುದಿ? ಆ ಏಣಿಗೆ ಒಂದು ಸುತ್ತು ಹಾಕಬೇಕು."